ಚಾಲಕನ ಗಮನ ಮತ್ತು ವಾಹನದ ದಿಕ್ಕು

ನಮ್ಮ ದೇಶದಲ್ಲಿ 2022ನೇ ಇಸವಿಯಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ, 1,68,491 ಮಂದಿ ಮೃತಪಟ್ಟರು. ಅಪಘಾತಗಳಿಗೆ ಕಾರಣಗಳು ಹಲವು. ಚಾಲಕನು ತಾನೇ ನಿವಾರಿಸಬಹುದಾದ ಕಾರಣಗಳಲ್ಲಿ ಎರಡು: ಗಮನಭಂಗ ಮತ್ತು ವಿಳಂಬಿತ ಪ್ರತಿಕ್ರಿಯೆ.

ನೇರವಾದ ರಸ್ತೆಯಲ್ಲಿಯೂ ಕಾರು ತಾನಾಗಿಯೇ ನೇರವಾಗಿ ಸಾಗುವುದಿಲ್ಲ. ರಸ್ತೆಯ ಓರೆ, ಬೀಸುವ ಗಾಳಿ, ಟೈರುಗಳ ಒತ್ತಡದಲ್ಲಿನ ವ್ಯತ್ಯಾಸ ಇವು ಅದನ್ನು ಪಕ್ಕಕ್ಕೆ ಸೆಳೆಯುತ್ತಿರುತ್ತವೆ. ಚಾಲಕನು ಇದನ್ನು ಕಣ್ಣಿನಿಂದ ಗುರುತಿಸಿ, ಸ್ಟಿಯರಿಂಗ್ ಚಕ್ರವನ್ನು ತುಸುತುಸುವೇ ತಿರುಗಿಸಿ ಸರಿಪಡಿಸುತ್ತಿರುತ್ತಾನೆ. ದೃಷ್ಟಿ ರಸ್ತೆಯಿಂದ ಸರಿದೊಡನೆ ಈ ಕಾರ್ಯವು ನಿಂತುಹೋಗುತ್ತದೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ಹೆದ್ದಾರಿಯ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್; ಕಾರಿನ ಅಗಲ ಸುಮಾರು 1.7 ಮೀಟರ್. ಪಥದ ನಡುವೆ ಸಾಗುವ ಕಾರಿಗೆ ಎಡಬಲಗಳಲ್ಲಿ ಉಳಿಯುವುದು ತಲಾ 90 ಸೆಂ.ಮೀ. ಮಾತ್ರ. ದಿಕ್ಕು ಕೇವಲ 2 ಡಿಗ್ರಿ ತಪ್ಪಿದರೂ ಕಾರು ಸೆಕೆಂಡಿಗೆ ಸುಮಾರು 78 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಮೊಬೈಲಿನ ಸಂದೇಶವನ್ನು 2 ಸೆಕೆಂಡು ನೋಡುವಷ್ಟರಲ್ಲಿ ಅದು 44 ಮೀಟರ್ ಮುಂದೆ ಸಾಗಿ, ಪಥದ ಗೆರೆಯನ್ನು ದಾಟಿರುತ್ತದೆ.

ಅಪಾಯವು ಇಲ್ಲಿಗೇ ಮುಗಿಯುವುದಿಲ್ಲ. ತಡವಾಗಿ ಎಚ್ಚೆತ್ತ ಚಾಲಕನು ಗಾಬರಿಯಿಂದ ಚಕ್ರವನ್ನು ಒಮ್ಮೆಲೇ ತಿರುಗಿಸುತ್ತಾನೆ. ಆಗ ಟೈರುಗಳು ರಸ್ತೆಯ ಮೇಲಿನ ಹಿಡಿತವನ್ನು ಕಳೆದುಕೊಂಡು ವಾಹನವು ಜಾರಬಹುದು ಅಥವಾ ಮಗುಚಬಹುದು. ಮದ್ಯ, ನಿದ್ರೆಯ ಕೊರತೆ, ಮಂಪರು ತರುವ ನೆಗಡಿಯ ಔಷಧಗಳು ಪ್ರತಿಕ್ರಿಯೆಯನ್ನು ಮತ್ತಷ್ಟು ನಿಧಾನಗೊಳಿಸುತ್ತವೆ. ಕೈಗಳು ಚಕ್ರದ ಮೇಲಿದ್ದರೂ ಮನಸ್ಸು ದೂರವಾಣಿ ಸಂಭಾಷಣೆಯಲ್ಲಿ ತೊಡಗಿದ್ದರೆ ಇದೇ ಪರಿಣಾಮ ಉಂಟಾಗುತ್ತದೆ.

ಚಾಲನೆಯ ವೇಳೆ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದು ಮೋಟಾರು ವಾಹನ ಕಾಯಿದೆಯ 184ನೇ ಕಲಮಿನ ಮೇರೆಗೆ ಅಪರಾಧವಾಗಿದೆ. 2019ರ ತಿದ್ದುಪಡಿಯನ್ವಯ ಮೊದಲ ಅಪರಾಧಕ್ಕೆ 5,000 ರೂಪಾಯಿಗಳವರೆಗೆ ದಂಡ, ಅಥವಾ 6 ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ದೆಹಲಿಯಿಂದ ಮುಂಬಯಿ, ಪುಣೆ, ಬೆಳಗಾವಿ, ಬೆಂಗಳೂರುಗಳ ಮೂಲಕ ಚೆನ್ನೈ ತಲುಪುವ 48ನೇ ರಾಷ್ಟ್ರೀಯ ಹೆದ್ದಾರಿಯು ಹೊರನಾಡ ಕನ್ನಡಿಗರಲ್ಲಿ ಅನೇಕರಿಗೆ ತವರಿನ ದಾರಿ. ಹಬ್ಬಕ್ಕೆ ಊರು ಸೇರುವ ಆತುರದಲ್ಲಿ ದಿನವಿಡೀ ದುಡಿದು, ರಾತ್ರಿಯಿಡೀ ವಾಹನ ನಡೆಸುವುದು ಸಲ್ಲದು. ಪ್ರತಿ ಎರಡು ಗಂಟೆಗೊಮ್ಮೆ ವಿಶ್ರಮಿಸಿರಿ. ಕರೆ ಬಂದರೆ ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಮಾತನಾಡಿರಿ. ಕಣ್ಣು ಎಳೆಯತೊಡಗಿದರೆ ಕಿಟಕಿ ತೆರೆಯುವುದಾಗಲಿ, ಹಾಡು ಹಾಕುವುದಾಗಲಿ ಸಾಲದು; ನಿದ್ರೆಗೆ ನಿದ್ರೆಯೇ ಪರಿಹಾರ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವು ಬೇಕಾದಲ್ಲಿ 1033 ಸಂಖ್ಯೆಗೆ ಕರೆ ಮಾಡಿರಿ.

ಒಂದು ಗಂಟೆ ತಡವಾಗಿಯಾದರೂ ಕ್ಷೇಮವಾಗಿ ಮನೆ ಸೇರುವುದೇ ಪ್ರಯಾಣದ ಉದ್ದೇಶವೆಂಬುದನ್ನು ಮರೆಯದಿರೋಣ.