ಗುಂಡಿ ಒತ್ತಿದರೂ ತಿರುಗದ ಎಂಜಿನ್

ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ನಿಶ್ಚಲ ಸ್ಥಿತಿಯಿಂದ ತಿರುಗಿಸಲು, ಅದರ ಗಾತ್ರಕ್ಕೆ ತಕ್ಕಂತೆ, ಹತ್ತಾರು ಆಂಪಿಯರ್‌ಗಳಿಂದ ನೂರನ್ನೂ ಮೀರುವಷ್ಟು ವಿದ್ಯುತ್ ಪ್ರವಾಹ ಬೇಕಾಗುತ್ತದೆ. ಅಷ್ಟು ಪ್ರವಾಹವನ್ನು ಹ್ಯಾಂಡಲ್ಲಿನ ಸಣ್ಣ ಗುಂಡಿ ತಾಳಲಾರದಾದ್ದರಿಂದ, ಸೆಲ್ಫ್ ಸ್ಟಾರ್ಟರಿನಲ್ಲಿ ಎರಡು ವಿದ್ಯುತ್ ಮಂಡಲಗಳನ್ನು ಅಳವಡಿಸಿರುತ್ತಾರೆ. ಗುಂಡಿಯು ರಿಲೇ ಎಂಬ ವಿದ್ಯುತ್ಕಾಂತೀಯ ಸ್ವಿಚ್ಚಿನ ಸುರುಳಿಗೆ ಕೆಲವೇ ಆಂಪಿಯರ್‌ಗಳನ್ನು ಕಳುಹಿಸುತ್ತದೆ. ಆ ಸುರುಳಿ ಅಯಸ್ಕಾಂತವಾಗಿ ಒಳಗಿನ ಸಂಪರ್ಕಗಳನ್ನು ಕೂಡಿಸಿದಾಗ, ಬ್ಯಾಟರಿಯ ಪ್ರವಾಹ ದಪ್ಪ ಕೇಬಲ್ಲಿನಲ್ಲಿ ಮೋಟಾರಿಗೆ ಹರಿಯುತ್ತದೆ. ತಿರುಗತೊಡಗಿದ ಮೋಟಾರು, ಒಂದೇ ದಿಕ್ಕಿನಲ್ಲಿ ಹಿಡಿತ ಸಾಧಿಸುವ ಒನ್‌ವೇ ಕ್ಲಚ್ಚಿನ ಮೂಲಕ ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತದೆ. ಚಾರ್ಲ್ಸ್ ಕೆಟರಿಂಗ್ ಅಭಿವೃದ್ಧಿಪಡಿಸಿ, 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದ ಈ ಅನುಕೂಲ ಇಂದು ಸಾಮಾನ್ಯ ಬೈಕುಗಳಲ್ಲೂ ಇದೆ. ಕಿಕ್ಕರನ್ನೇ ಕೈಬಿಟ್ಟಿರುವ ಬೈಕುಗಳಲ್ಲಿ ಅದು ಅನಿವಾರ್ಯವೂ ಆಗಿದೆ.

ದೋಷವಿರುವುದು ಯಾವ ಮಂಡಲದಲ್ಲಿ ಎಂಬುದನ್ನು ಬಹುಮಟ್ಟಿಗೆ ಸದ್ದೇ ತಿಳಿಸುತ್ತದೆ. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲದಿದ್ದರೆ ರಿಲೇಯ ಸುರುಳಿಗೆ ವಿದ್ಯುತ್ತು ತಲುಪುತ್ತಿಲ್ಲವೆಂದು ಭಾವಿಸಿ, ಕಿಲ್ ಸ್ವಿಚ್, ಫ್ಯೂಸ್, ನ್ಯೂಟ್ರಲ್, ಕ್ಲಚ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳನ್ನು ಮೊದಲು ನೋಡಬೇಕು. ರಿಲೇ ಒಂದೇ ಸಮನೆ ಟಕಟಕ ಎನ್ನುತ್ತಿದ್ದರೆ ಸಾಮಾನ್ಯವಾಗಿ ಬ್ಯಾಟರಿ ಸೊರಗಿರುತ್ತದೆ: ಸಂಪರ್ಕ ಕೂಡಿದೊಡನೆ ವೋಲ್ಟೇಜ್ ಕುಸಿದು ಸುರುಳಿ ಹಿಡಿತ ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಹಿಡಿಯುತ್ತದೆ. ಒಂದೇ ಬಾರಿ ಟಕ್ ಎಂದು ಸುಮ್ಮನಾದರೆ ಸುಟ್ಟ ಸಂಪರ್ಕಗಳನ್ನು, ಸಡಿಲವಾದ ಟರ್ಮಿನಲ್ಲನ್ನು, ಅಥವಾ ಮೋಟಾರಿನೊಳಗೆ ಸವೆದ ಕಾರ್ಬನ್ ಬ್ರಶ್ಶುಗಳನ್ನು ಸಂಶಯಿಸಬಹುದು. ಮೋಟಾರು ಗಿರ್ರನೆ ತಿರುಗಿಯೂ ಎಂಜಿನ್ ಅಲುಗದಿದ್ದರೆ ಒನ್‌ವೇ ಕ್ಲಚ್ ಜಾರುತ್ತಿರುತ್ತದೆ.

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿರುವುದರಿಂದ ಬ್ಯಾಟರಿ ಮತ್ತು ತಂತಿಗಳು ಸರಿಯಾಗಿಯೇ ಇವೆ ಎಂಬ ತೀರ್ಮಾನ ಎಷ್ಟು ಸಹಜವೋ ಅಷ್ಟೇ ತಪ್ಪು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ನಷ್ಟವಾಗುವ ವೋಲ್ಟೇಜ್ ದೊರೆಯುತ್ತದೆ ಎಂಬ ಓಮ್‌ನ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಮಳೆಗಾಲದ ತೇವಕ್ಕೆ ಬ್ಯಾಟರಿ ಟರ್ಮಿನಲ್ಲಿನ ಮೇಲೆ ಕಿಲುಬು ಕಟ್ಟಿ, ಅಲ್ಲಿ ಕೇವಲ 0.05 ಓಮ್ ರೋಧ ಉಂಟಾಗಿದೆ ಎಂದುಕೊಳ್ಳೋಣ. ಸುಮಾರು 3 ಆಂಪಿಯರ್ ಎಳೆಯುವ 35 ವ್ಯಾಟ್ ಬಲ್ಬಿಗೆ ಅಲ್ಲಿ ಕಳೆದುಹೋಗುವುದು 0.15 ವೋಲ್ಟ್ ಮಾತ್ರ, ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಆದರೆ 60 ಆಂಪಿಯರ್ ಬೇಡುವ ಮೋಟಾರಿಗೆ ಅದೇ ಜೋಡಣೆಯಲ್ಲಿ 3 ವೋಲ್ಟ್ ನಷ್ಟವಾಗಿ, 180 ವ್ಯಾಟ್ ಶಕ್ತಿ ಬರೀ ಶಾಖವಾಗುತ್ತದೆ. ಎರಡು ಮೂರು ಬಾರಿ ಗುಂಡಿ ಒತ್ತಿದ ಮೇಲೆ ಯಾವುದಾದರೂ ಟರ್ಮಿನಲ್ ಬಿಸಿಯಾಗಿದ್ದರೆ ದೋಷ ಅಲ್ಲೇ ಅಡಗಿರುವ ಸಂಭವ ಹೆಚ್ಚು.

ಆದಕಾರಣ ಪರೀಕ್ಷೆಯನ್ನು ಹೊರೆ ಬಿದ್ದಿರುವಾಗಲೇ ನಡೆಸಬೇಕು. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ, ಗುಂಡಿ ಒತ್ತುವ ಮುನ್ನ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆದಾಗ, ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಗುಂಡಿ ಒತ್ತಿ ಹಿಡಿದಾಗ ಅದು 9.5 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿ ಮತ್ತೊಮ್ಮೆ ನೋಡಬೇಕು. ಅದು ಕುಸಿಯದೆಯೂ ಮೋಟಾರು ತಿರುಗದಿದ್ದರೆ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಧನ ಧ್ರುವಕ್ಕೂ ಇನ್ನೊಂದನ್ನು ಮೋಟಾರಿನ ಟರ್ಮಿನಲ್ಲಿಗೂ ಇಟ್ಟು ಗುಂಡಿ ಒತ್ತಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್, ರಿಲೇ ಅಥವಾ ಜೋಡಣೆ ಕೆಟ್ಟಿದೆ ಎಂದರ್ಥ. ಋಣ ಧ್ರುವಕ್ಕೂ ಮೋಟಾರಿನ ಹೊರಕವಚಕ್ಕೂ ನಡುವೆ ಇದೇ ಪರೀಕ್ಷೆ ನಡೆಸಿದರೆ ಅರ್ತಿಂಗ್ ದೋಷ ಬಯಲಾಗುತ್ತದೆ. ಎರಡು ಕಡೆಯೂ ನಷ್ಟ ಅಲ್ಪವಾಗಿದ್ದು ಮೋಟಾರು ತಿರುಗದಿದ್ದರೆ ಮಾತ್ರ ಅದನ್ನು ಬಿಚ್ಚಬೇಕು.

ಗುಂಡಿಯನ್ನು ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತದೆ ನಡುವೆ ಬಿಡುವು ಕೊಡುವುದು, ಬ್ಯಾಟರಿಯಿಂದ ಜಲಜನಕ ಹೊಮ್ಮುವ ಸಾಧ್ಯತೆಯಿರುವುದರಿಂದ ಸ್ಪ್ಯಾನರಿನಿಂದ ಕಿಡಿ ಹಾರಿಸದಿರುವುದು, ಬಿಚ್ಚುವಾಗ ಋಣ ಕೇಬಲ್ಲನ್ನು ಮೊದಲು ತೆಗೆಯುವುದು ಅಗತ್ಯ. ಉಪ್ಪುಕಾಗದದಿಂದ ಉಜ್ಜಿ ಬಿಗಿಗೊಳಿಸಿದರೆ ಸರಿಹೋಗುವ ಟರ್ಮಿನಲ್ಲಿನ ದೋಷಕ್ಕೆ ಹೊಸ ಬ್ಯಾಟರಿಯ ಹಣ ತೆರಬಾರದೆಂದಿದ್ದರೆ, ಬದಲಿಸುವ ಮುನ್ನ ಅಳೆದು ನೋಡಿ.