ಸೇವೆಗೆ ಮತದ ಹಂಗೇಕೆ?

ಕೆಂಕೆರೆಯ ತೆಂಗಿನ ಸೀಮೆಯವರಾದ ನಮಗೆ ತುಮಕೂರಿನ ಸಿದ್ಧಗಂಗಾ ಮಠ ಅಪರಿಚಿತವಲ್ಲ. 2019ರಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅಲ್ಲಿ ಜಾತಿಮತಗಳನ್ನೆಣಿಸದೆ ಸಹಸ್ರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನಿತ್ತರು. ಧರ್ಮವು ಸಮಾಜಸೇವೆಗಿಳಿದಾಗ ಹೇಗಿರಬೇಕೆಂಬುದಕ್ಕೆ ಇದೊಂದು ಉಜ್ವಲ ನಿದರ್ಶನ.

ಇಂತಹ ಸೇವೆಗೆ ಸರ್ಕಾರದ ಹಣವೂ ಸೇರಿದರೆ? ಅಮೆರಿಕದ ಸಂವಿಧಾನವು 1791ರ ತಿದ್ದುಪಡಿಯ ಮೂಲಕ ರಾಷ್ಟ್ರಧರ್ಮದ ಸ್ಥಾಪನೆಯನ್ನೇ ನಿಷೇಧಿಸಿತು. ಆದರೂ ಅಲ್ಲಿನ 1996ರ ಕಾನೂನು ಧಾರ್ಮಿಕ ಸಂಸ್ಥೆಗಳು ಸರ್ಕಾರಿ ಅನುದಾನದಿಂದ ಬಡವರ ಸೇವೆ ಮಾಡಲು ಹಾದಿ ತೆರೆಯಿತು. ಅದರ ಷರತ್ತುಗಳಲ್ಲೊಂದು: ನೇರವಾಗಿ ಪಡೆದ ಆ ಹಣವನ್ನು ಆರಾಧನೆಗಾಗಲಿ, ಮತಪ್ರಚಾರಕ್ಕಾಗಲಿ ವ್ಯಯಿಸುವಂತಿಲ್ಲ.

ನಮ್ಮಲ್ಲಿಯೂ ಹಕ್ಕಿನೊಡನೆ ಕಟ್ಟಳೆಯಿದೆ. ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕನ್ನಿತ್ತ ಸಂವಿಧಾನದ 30ನೆಯ ವಿಧಿಯನ್ನು ನಾವು ಮೇಲಿಂದ ಮೇಲೆ ಸ್ಮರಿಸುತ್ತೇವೆ. ಅನುದಾನಿತ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ, ಆರಾಧನೆಗೆ ಕೂರಿಸಬಾರದೆನ್ನುವ 28ನೆಯ ವಿಧಿಯನ್ನು ಅಷ್ಟೇ ಶ್ರದ್ಧೆಯಿಂದ ಸ್ಮರಿಸುತ್ತೇವೆಯೇ?

ಈ ಕಟ್ಟಳೆ ವಿಶ್ವಾಸಕ್ಕೆ ಒದಗಿದ ಕುಂದಲ್ಲ. ಬಲವಂತದ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದು ತರ್ಕಸಿದ್ಧ. ಧರ್ಮದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು. ಯೇಸುಸ್ವಾಮಿಯ ಸಾಮತಿಯಲ್ಲಿ ಸಮಾರಿಯದವನು ದಾರಿಯಲ್ಲಿ ಬಿದ್ದವನ ಮತವನ್ನು ವಿಚಾರಿಸಲಿಲ್ಲ. ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದನು. ಛತ್ರದ ಖರ್ಚನ್ನೂ ತಾನೇ ತೆತ್ತನು. ಪರರ ಹಣದಿಂದ ಸೇವೆ ಮಾಡುವ ನಾವು ಮತ್ತಷ್ಟು ಎಚ್ಚರದಿಂದಿರಬೇಡವೇ?

ನಮ್ಮ ಶಾಲೆಗೆ, ಆಸ್ಪತ್ರೆಗೆ ಬಂದ ನೆರೆಮನೆಯವರು ಯಾವ ಹಂಗೂ ಇಲ್ಲದೆ ಮನೆಗೆ ಮರಳಲಿ. ನಮ್ಮ ವಿಶ್ವಾಸಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕಿಲ್ಲ.