ಕೌದಿ ಯಾರದು? ಅಮ್ಮನ ಸೀರೆ, ಸಿದ್ದಿ ಹೆಂಗಸರ ಸೂಜಿ

ಈ ವಾರದ ಮಾತು ಕೌದಿ ಬಗ್ಗೆ. ವಿಡಿಯೋ ಮಾಡಿದ್ದು ಕೋಠಿಯಲ್ಲಿ, ಹಾರ್ನ್ ಸದ್ದಿಗೆ ಅರ್ಧ ಮಾತು ನುಂಗಿಹೋಗಿದೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ಕೋಠಿನೇ ಯಾಕೆ? ಹೈಟೆಕ್ ಸಿಟಿ ಕಡೆ ಇರೋ ನಮಗೆ ಕೋಠಿ ಅಂದ್ರೆ ಹಳೇ ಪುಸ್ತಕ, ಗುಜರಾತಿ ಗಲ್ಲಿಯ ಎಲೆಕ್ಟ್ರಾನಿಕ್ಸ್, ಸುಲ್ತಾನ್ ಬಜಾರಿನ ಸೀರೆ ಅಂಗಡಿ, ಅಷ್ಟೇ. ಆದರೆ ಪಕ್ಕದ ಕಾಚಿಗುಡದಲ್ಲೇ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಲ್ಯಾಪ್‌ಟಾಪ್ ಹಿಡಿದು ನಾವು ಬರೋದಕ್ಕಿಂತ ಎಷ್ಟೋ ಮೊದಲೇ ಕನ್ನಡದವರು ಈ ಗಲ್ಲಿಗಳಲ್ಲಿ ಓಡಾಡಿದ್ದರು. ನಾವು ಕೌದಿ ಅನ್ನೋದಕ್ಕೆ ಇಲ್ಲಿ ತೆಲುಗಿನವರು ಬೊಂತ ಅಂತಾರೆ, ಮರಾಠಿಯವರು ಗೋಧಡಿ ಅಂತಾರೆ. ಹೆಸರು ಮೂರು, ಕೆಲಸ ಒಂದೇ: ಹಳೇ ಬಟ್ಟೆ ಪದರ ಪದರ ಹಾಕಿ, ಸಾಲಾಗಿ ಹೊಲಿಗೆ ಓಡಿಸಿ, ಹೊದೆಯೋಕೋ ಹಾಸೋಕೋ ಮಾಡಿಕೊಳ್ಳೋದು.

ಕೌದಿಗೆ ಹೊಸ ಬಟ್ಟೆ ಒಗ್ಗಲ್ಲ. ಹತ್ತಾರು ವರ್ಷ ಉಟ್ಟು, ಒಗೆದು, ನೂಲು ಮೆತ್ತಗಾದ ಸೀರೆಯೇ ಬೇಕು. ಅಜ್ಜಿಯ ಇಳಕಲ್ ಸೀರೆ ಒಳಪದರ, ಅಪ್ಪನ ಧೋತ್ರ ಇನ್ನೊಂದು ಪದರ, ಮೇಲೆ ಅಕ್ಕನ ಲಂಗದ ತುಂಡು. ಒಬ್ಬರೇ ಕೂತು ಮುಗಿಸೋ ಕೆಲಸವೂ ಅಲ್ಲ. ನಡುಮನೆಯಲ್ಲಿ ಹಾಸಿಕೊಂಡು ನಾಲ್ಕು ಜನ ನಾಲ್ಕು ಕಡೆ ಕೂರಬೇಕು. ಒಬ್ಬೊಬ್ಬರ ಹೊಲಿಗೆಯ ಉದ್ದ ಒಂದೊಂದು ಥರ, ನೋಡಿದ ತಕ್ಷಣ ಇದು ಅತ್ತೆ ಕೂತ ಜಾಗ, ಇದು ಚಿಕ್ಕಮ್ಮನದು ಅಂತ ಹೇಳಬಹುದು. ಫೋಟೋ ಆಲ್ಬಮ್ಮಿನಲ್ಲಿ ಇಷ್ಟು ಮಾಹಿತಿ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೌದಿಯನ್ನ ಕಲೆಯ ಮಟ್ಟಕ್ಕೆ ಒಯ್ದವರು ಅಂದ್ರೆ ಉತ್ತರ ಕನ್ನಡದ ಸಿದ್ದಿ ಹೆಂಗಸರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳವರು. ಪೂರ್ವಜರು ಆಫ್ರಿಕಾದವರು, ಗೋವಾದ ಪೋರ್ಚುಗೀಸರು ಗುಲಾಮರನ್ನಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಹಾಗಾಗಿ ಕೆಲವು ಕೌದಿಗಳಲ್ಲಿ ಶಿಲುಬೆ ಕಾಣುತ್ತೆ, ಕೆಲವದರಲ್ಲಿ ಚಂದ್ರ.

ಅವರು ಹೊಲಿಯೋ ಕ್ರಮ ನೋಡಿ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ತುಂಡು ಕೂರಿಸ್ತಾ ಸುತ್ತು ಹಾಕಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇರಲ್ಲ. ಕೈಗೆ ಸಿಕ್ಕ ತುಂಡೇ ಮುಂದಿನ ಬಣ್ಣ ಹೇಳೋದು. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನ ಒಂದರ ಮೇಲೊಂದು ಕೂರಿಸ್ತಾರೆ, ಅದಕ್ಕೆ ಫೂಲಾ ಅನ್ನೋ ಹೆಸರು, ಅಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ ಇದ್ದ ಹಾಗೆ. ಬೆಚ್ಚಗಿಡೋಕೆ ಫೂಲಾದಿಂದ ಏನೂ ಉಪಯೋಗ ಇಲ್ಲ, ಆದರೂ ಬಿಡಲ್ಲ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನ ನೋಡಿ ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ಇವೇ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದ ಗೋಡೆ ಮೇಲೆ ತೂಗಿದವು. ಬೆಂಗಳೂರಿನ ಕಲಾವಿದೆ ಅನಿತಾ ಎನ್. ರೆಡ್ಡಿ ಕೂಡ ಸಿದ್ದಿ ಮಹಿಳೆಯರ ಜೊತೆ ಕೂತು ಕೌದಿ ಕೆಲಸ ಮಾಡಿದ್ದಾರೆ.

ಇಲ್ಲೇ ತೊಡಕು ಬರೋದು. ಮನೆಯಲ್ಲಿ ಕೌದಿ ಹೊಲಿಯೋದು ಕೊಡೋಕೆ: ಬಾಣಂತಿಗೆ, ಹುಟ್ಟಿದ ಕೂಸಿಗೆ, ಮೊಮ್ಮಕ್ಕಳಿಗೆ. ಗ್ಯಾಲರಿಗೆ ಹೋದ ಕೂಡಲೇ ಅದಕ್ಕೆ ಬೆಲೆ ಬರುತ್ತೆ, ಸಹಿ ಬೇಕಾಗುತ್ತೆ. ಯಾರ ಸಹಿ? ಕಲ್ಪಿಸಿದವರದಾ, ಹೊಲಿದವರದಾ? ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಊರು. ಅಲ್ಲಿನ ಕಪ್ಪು ಮಹಿಳೆಯರ ಕೌದಿಗಳು 2002ರಲ್ಲಿ ದೊಡ್ಡ ಮ್ಯೂಸಿಯಂಗಳಲ್ಲಿ ಮೆರೆದವು. 2007ರಲ್ಲಿ ಕೆಲವು ಹೆಂಗಸರು ತಮಗೆ ನ್ಯಾಯವಾದ ಪಾಲು ಸಿಗಲಿಲ್ಲ ಅಂತ ಕೋರ್ಟಿಗೆ ಹೋದರು, ಮರುವರ್ಷ ವ್ಯಾಜ್ಯ ಬಗೆಹರಿಯಿತು. ಹೀಗಾಗಿ ಇಂಥ ಪ್ರದರ್ಶನಕ್ಕೆ ಹೋದಾಗ ನಾನು ಮೊದಲು ಓದೋದು ಚೀಟಿಯನ್ನ. ಹೊಲಿದವರ ಹೆಸರು ಒಬ್ಬೊಬ್ಬರದಾಗಿ ಇದ್ದರೆ ಸರಿ. ‘ಸ್ಥಳೀಯ ಮಹಿಳೆಯರು’ ಅಂತಷ್ಟೇ ಇದ್ದರೆ ನನಗೆ ಒಪ್ಪಿಗೆ ಇಲ್ಲ.

ಹೈದರಾಬಾದಿಗೂ ಸಿದ್ದಿಗಳಿಗೂ ನಂಟಿದೆ. ಮಾಸಾಬ್ ಟ್ಯಾಂಕ್ ಹತ್ತಿರದ ಎ.ಸಿ. ಗಾರ್ಡ್ಸ್‌ನಲ್ಲಿ ಎ.ಸಿ. ಅಂದ್ರೆ ಆಫ್ರಿಕನ್ ಕ್ಯಾವಲ್ರಿ, ನಿಜಾಮರ ಕುದುರೆ ದಂಡು. ಆ ಮನೆತನಗಳು ಪರಂಪರೆ ಉಳಿಸಿಕೊಂಡದ್ದು ಬಟ್ಟೆಯಲ್ಲಲ್ಲ, ಮರ್ಫಾ ವಾದ್ಯದಲ್ಲಿ. ಮದುವೆ ಮೆರವಣಿಗೆಯಲ್ಲಿ ಅದರ ಸದ್ದಿಗೆ ನಿಮ್ಮಲ್ಲಿ ಎಷ್ಟೋ ಜನ ಕುಣಿದೂ ಇರ್ತೀರಿ!

ಊರಿಗೆ ಹೋದಾಗ ಅಮ್ಮ ಹಳೇ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತಗೋತಿದ್ದರೆ ಎರಡು ಸೀರೆ ಎತ್ತಿಟ್ಟುಕೊಳ್ಳಿ. ಕಾಟನ್ನೇ ಇರಲಿ, ಪಾಲಿಯೆಸ್ಟರ್ ಜಾರುತ್ತೆ. ಜರಿ ಅಂಚು ಚುಚ್ಚುತ್ತೆ, ಕತ್ತರಿಸಿ ತೆಗೀರಿ. ತುಂಡು ಸಾಲದಿದ್ದರೆ ಕೋಠಿಯ ಕಟ್‌ಪೀಸ್ ಇದೆ, ಆದರೆ ನಾಲ್ಕೈದು ಸಲ ಒಗೆದು ಗಂಜಿ ಬಿಡಿಸಿ ಆಮೇಲೆ ಬಳಸಿ. ಶುರುವಿಗೆ ಕೂಸಿನ ಅಳತೆಯದು ಸಾಕು. ಅಮ್ಮನ್ನ ಪಕ್ಕದಲ್ಲಿ ಕೂರಿಸಿಕೊಂಡು ಯಾವ ತುಂಡು ಯಾರದು ಅಂತ ಕೇಳ್ತಾ ಹೊಲೀರಿ, ಹಿಂಬದಿಯ ಮೂಲೆಯಲ್ಲಿ ಕೂತವರೆಲ್ಲರ ಹೆಸರನ್ನ ದಾರದಲ್ಲೇ ಬರೀರಿ.